ಕೌಟುಂಬಿಕ ಕಾರಣಗಳಿಂದ

ನನ್ನ ಮಗಳು ಭಾಗ್ಯ ದಿನಾ ಬೆಳಿಗ್ಗೆ ಏಳು ಗಂಟೆಗೆ ಊಟದ ಡಬ್ಬಿ ಕಟ್ಟುತ್ತಾಳೆ. ಎರಡು ಅಂತಸ್ತಿನ ಸ್ಟೀಲ್ ಡಬ್ಬಿ. ಕೆಳಗೆ ಅನ್ನ, ಮೇಲೆ ಪಲ್ಯ, ಪಲ್ಯದ ಮೂಲೆಯಲ್ಲಿ ಒಂದು ಹೋಳು ಉಪ್ಪಿನಕಾಯಿ. ಕಟ್ಟಿ, ಬ್ಯಾಗಿಗೆ ಹಾಕಿ, ಬ್ಯಾಗನ್ನು ಬಾಗಿಲ ಪಕ್ಕದ ಮೊಳೆಗೆ ನೇತುಹಾಕುತ್ತಾಳೆ. ಮಧ್ಯಾಹ್ನ ಒಂದು ಗಂಟೆಗೆ ಅದೇ ಬ್ಯಾಗು ಇಳಿಸಿ, ಅಡುಗೆಮನೆಯಲ್ಲೇ ಕೂತು, ಆ ತಣ್ಣಗಾದ ಅನ್ನವನ್ನು ಡಬ್ಬಿಯಲ್ಲೇ ಕಲಸಿ ತಿನ್ನುತ್ತಾಳೆ. ಬಿಸಿ ಅನ್ನದ ಪಾತ್ರೆ ಕೈಗೆ ಎಟುಕೋ ಅಷ್ಟು ಹತ್ತಿರ ಒಲೆ ಮೇಲೆ ಇರುತ್ತೆ. ಅವಳ ಫ್ಯಾಕ್ಟರಿ ಮುಚ್ಚಿ ವರ್ಷ ಆಗ್ತಾ ಬಂತು.

ಮೊದಮೊದಲು ಬೈದೆ. "ಯಾರಿಗೆ ಕಟ್ತೀಯೆ ಇದನ್ನ? ಅಡುಗೆಮನೆಯಿಂದ ಅಡುಗೆಮನೆಗೆ ಓಗಕ್ಕೆ ಡಬ್ಬಿ ಬ್ಯಾರೆ ಕೇಡು" ಅಂದೆ. "ಕೈ ತಾನಾಗೇ ಕಟ್ಟುತ್ತೆ ಕಣಮ್ಮ" ಅಂದಳು. ಹದಿನೈದು ವರ್ಷ ಬಟ್ಟೆ ಫ್ಯಾಕ್ಟರಿಯಲ್ಲಿ ಚೆಕ್ಕಿಂಗ್ ಮಾಡಿದ ಕೈ ಅದು. ಶರ್ಟಿನ ಕಾಲರು, ಕಾಜ, ಗುಂಡಿ ನೋಡೋದು, ಹೊಲಿಗೆ ಬಿಟ್ಟಿದೆಯಾ, ದಾರ ಎದ್ದಿದೆಯಾ ನೋಡೋದು, ಇಷ್ಟೇ ಕೆಲಸ. ಈಗಲೂ ಮನೆಗೆ ಯಾರಾದರೂ ಬಂದರೆ ಮುಖಕ್ಕಿಂತ ಮೊದಲು ಕಾಲರು ನೋಡುತ್ತಾಳೆ. ಯುಗಾದಿಗೆ ಬಂದಿದ್ದ ನೆಂಟರೊಬ್ಬರ ತೋಳಿನಲ್ಲಿ ದಾರ ಎದ್ದಿತ್ತು. ಒಬ್ಬಟ್ಟು ಬಡಿಸ್ತಾ ಬಡಿಸ್ತಾ ಬಗ್ಗಿ ಅದನ್ನು ಹಲ್ಲಿನಲ್ಲಿ ಕಚ್ಚಿ ಕಿತ್ತಳು. ಆ ಮನುಷ್ಯ ಎಲೆ ಬಿಟ್ಟು ಎದ್ದೇ ಬಿಟ್ಟ. ಸಮಾಧಾನ ಮಾಡಿ ಕೂರಿಸೋದರಲ್ಲಿ ನನಗೆ ಸಾಕಾಗಿ ಹೋಯ್ತು.

ಫ್ಯಾಕ್ಟರಿಯವರು ಆಂಧ್ರದ ಕಡೆ ಹೋದರು. ಮಿಷನ್ನುಗಳನ್ನು ಲಾರಿಗೆ ಏರಿಸಿಕೊಂಡು ಹೋದರು, ಹೆಂಗಸರನ್ನು ಬಿಟ್ಟು ಹೋದರು. ಮಿಷನ್ನಿಗೆ ವಯಸ್ಸಾದರೂ ಎಣ್ಣೆ ಬಿಟ್ಟರೆ ಓಡುತ್ತೆ ತಾನೇ.

ಆಮೇಲೆ ಭಾಗ್ಯ ಅಲೆದಳು. ಹೆಬ್ಬಾಳದ ಕಡೆ ಒಂದು ಆಫೀಸಿನಲ್ಲಿ ಬಾಗಿಲ ಹತ್ತಿರ ಕೂತು ಬಂದವರ ಹೆಸರು ಬರೆದುಕೊಳ್ಳೋ ಕೆಲಸ ಇದೆ ಅಂದರು. ಹೋದಳು. ಡಿಗ್ರಿ ಆಗಿದೆಯಾ ಅಂದರು. ಹೆಸರು ಬರೆಯೋಕೂ ಡಿಗ್ರಿ ಬೇಕಂತೆ. ಇನ್ನೊಂದು ಕಡೆ ಡಿಗ್ರಿ ಬೇಡ ಅಂದರು, ವಯಸ್ಸೆಷ್ಟು ಅಂದರು. ಮೂವತ್ತೊಂಬತ್ತು ಅಂದಳು. ಆಯ್ತಮ್ಮ ಫೋನ್ ಮಾಡ್ತೀವಿ ಅಂದರು. ಡಿಗ್ರಿ ಕೇಳೋ ಕಡೆ ವಯಸ್ಸು ಪರವಾಗಿಲ್ಲ, ವಯಸ್ಸು ಕೇಳೋ ಕಡೆ ಡಿಗ್ರಿ ಬೇಡ. ಇವಳ ಹತ್ತಿರ ಎರಡೂ ತಪ್ಪಾದ್ದೇ ಇದ್ದವು. ಆ ಫೋನು ಬರುತ್ತೆ ಅಂತ ಸ್ನಾನಕ್ಕೆ ಹೋಗುವಾಗಲೂ ಮೊಬೈಲು ತಗೊಂಡು ಹೋಗುತ್ತಿದ್ದಳು. ಬಂದದ್ದೆಲ್ಲ ಸಾಲ ಬೇಕಾ ಮೇಡಂ ಅನ್ನೋ ಫೋನುಗಳು.

ನಾನು ಸಂಜೆ ಹೊತ್ತು ಅಲ್ಲಾಳಸಂದ್ರದ ಕೆರೆ ಹತ್ತಿರ ಹೋಗಿ ಕೂರೋದು ಅಭ್ಯಾಸ. ಮೊದಲು ಅಲ್ಲಿ ನಮ್ಮ ಹಸುಗಳ ಮೈ ತೊಳೆಯುತ್ತಿದ್ದೆವು. ಈಗ ಕೆರೆಗೆ ಬೇಲಿ ಬಂದಿದೆ, ಗೇಟು ಬಂದಿದೆ, ಗೇಟಿಗೆ ಟೈಮಿಂಗ್ ಬಂದಿದೆ. ನೀರಿಗೂ ಡ್ಯೂಟಿ ಅವರ್ಸು. ಅಲ್ಲಿ ನನ್ನ ವಾರಿಗೆಯ ಮುನಿಯಮ್ಮ ಸಿಕ್ಕಿದಳು. "ನಿನ್ ಮಗಳು ಏನ್ ಮಾಡ್ತವಳೆ ಈಗ?" ಅಂದಳು.

"ಸುಮ್ನೆ ಅವಳೆ" ಅಂದೆ.

ಅದರಲ್ಲಿ ಏನೂ ತಪ್ಪು ಕಾಣಲಿಲ್ಲ ನನಗೆ. ಹುಟ್ಟಿದಾಗಿಂದ ಆಡೋ ಮಾತು ಅದು. ಮಗು ಅತ್ತರೆ ಸುಮ್ನಿರು ಅಂತೀವಿ. ಯಾಕೆ ಬಂದೆ ಅಂದರೆ ಸುಮ್ನೆ ಬಂದೆ ಅಂತೀವಿ. ಜಗಳ ಬಂದರೆ ಸುಮ್ನೆ ಬಿಡಲ್ಲ ಅಂತೀವಿ. ಕೆಲಸ ಇಲ್ಲದವರನ್ನು ಸುಮ್ನೆ ಅವ್ರೆ ಅಂತೀವಿ. ತಿರುಗಿ ನೋಡಿದರೆ ಭಾಗ್ಯ ನಿಂತಿದ್ದಾಳೆ, ಮೋಡ ಆಗಿದೆ ಅಂತ ಕೊಡೆ ತಗೊಂಡು ಬಂದಿದ್ದಾಳೆ. ಮನೆಗೆ ಬಂದು ಚಪ್ಪಲಿ ಬಿಡ್ತಾ ಅಂದಳು, "ಅಮ್ಮ, ಇನ್ಮೇಲೆ ಯಾರಾದ್ರೂ ಕೇಳಿದ್ರೆ ಹುಷಾರಿಲ್ಲ ಅನ್ನು."

ಕಾಯಿಲೆ ಆದರೂ ಇರಲಿ, ಸುಮ್ಮನೆ ಇರೋದು ಬೇಡ ಅನ್ನೋ ಮಟ್ಟಕ್ಕೆ ಹೋಗಿತ್ತು ಅವಳ ಮನಸ್ಸು. ನಾನು ಅವತ್ತು ಅದಕ್ಕೂ ಬೈದೆ, ಬಿಡ್ತು ಅನ್ನು ಅಂದೆ.

ಕಾಲೇಜಿನ ಮಾತು ಎತ್ತಿದ್ದು ನಮ್ಮ ಮೇಲಿನ ಮನೆ ಬಾಡಿಗೆಗಿರೋ ಶಾಂತಕ್ಕ. ಬಾಗಲಕೋಟೆ ಕಡೆಯವಳು, ಇಲ್ಲೇ ಒಂದು ಕಾಲೇಜಿನ ಲೈಬ್ರರಿಯಲ್ಲಿ ಕೆಲಸ. ಪುಸ್ತಕಗಳ ಮಧ್ಯೆ ಇದ್ದೂ ಇದ್ದೂ ಎಲ್ಲದಕ್ಕೂ ಓದೇ ಮದ್ದು ಅಂದುಕೊಂಡಿದ್ದಾಳೆ. ಬಟ್ಟೆ ಒಣಹಾಕ್ತಾ ಮೇಲಿಂದಲೇ ಕೂಗಿದಳು, "ಭಾಗ್ಯಕ್ಕ, ಡಿಗ್ರಿ ಮಾಡ್ರಲ್ಲ. ಸರ್ಕಾರಿ ಕಾಲೇಜ್ ಐತಿ, ವಯಸ್ಸಿಂದ ಏನೂ ಅಡ್ಡಿ ಇಲ್ಲ. ಮೂರು ವರ್ಷ ಅಂದ್ರ ಹಿಂಗ್ ಹೋಗ್ತಾವ್ ನೋಡ್ರಿ." ಹಿಂಗ್ ಅನ್ನುವಾಗ ಚಿಟಿಕೆ ಹೊಡೆದಳು, ಕೈಯಲ್ಲಿದ್ದ ಟವಲು ನಮ್ಮ ಅಂಗಳಕ್ಕೆ ಬಿತ್ತು.

ನಾನು ಟವಲು ಎತ್ತಿಕೊಡ್ತಾ ಕೇಳಿದೆ, "ನಲವತ್ತಕ್ಕೆ ಕಾಲೇಜಿಗೆ ಓದ್ರೆ ಜನ ನಗಾಕಿಲ್ವಾ?"

"ನಗಲಿ ಬಿಡ್ರಿ ಯವ್ವಾ. ಹಲ್ಲು ಅವರ್ವು."

ಮೂರು ವರ್ಷ ಹಿಂಗೆ ಹೋಗುತ್ತೆ ಅಂತ ನನಗೂ ಗೊತ್ತು. ನನಗೆ ಎಪ್ಪತ್ತು ಹತ್ತಿರ ಬಂತು, ಅಷ್ಟೂ ಹಂಗೇ ಹೋಗಿದೆ. ಹೋದ ಮೇಲೆ ಏನು ಅಂತ ಶಾಂತಕ್ಕ ಹೇಳಲಿಲ್ಲ. ನಲವತ್ತೆರಡಕ್ಕೆ ಡಿಗ್ರಿ ಕೈಗೆ ಬರುತ್ತೆ. ಆಗ ವಯಸ್ಸು ಕೇಳುವವರು ಇರುತ್ತಾರಲ್ಲ, ಅವರೇನು ಸತ್ತು ಹೋಗಿರುತ್ತಾರಾ?

ನನ್ನ ಓದಿನ ಕತೆ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ನಿಮಗೆ ಅರ್ಥ ಆಗಲ್ಲ. ನಾನು ಓದಿದ್ದು ಏಳರ ಮಗ್ಗಿ ತನಕ. ಊರ ಚಾವಡಿಯಲ್ಲಿ ಒಬ್ಬರೇ ಮೇಷ್ಟ್ರು. ಎಂಟರ ಮಗ್ಗಿ ನಾಳೆ ಅಂತ ಹೇಳಿ ಹೋದರು, ನಾಳೆ ಬರಲಿಲ್ಲ. ವರ್ಗ ಆಗಿತ್ತಂತೆ. ಹೊಸ ಮೇಷ್ಟ್ರು ಬರೋ ಹೊತ್ತಿಗೆ ನಾನು ನಮ್ಮಣ್ಣನ ಮಗೂನ ಸೊಂಟದ ಮೇಲೆ ಇಟ್ಟುಕೊಂಡು ತಿರುಗುತ್ತಿದ್ದೆ. ಆ ಮಗು ಇಳಿಯೋ ಹೊತ್ತಿಗೆ ಇನ್ನೊಂದು ಏರಿತು. ಎಂಟೆಂಟ್ಲಿ ಎಷ್ಟು ಅಂತ ಇವತ್ತಿಗೂ ನನಗೆ ನೇರವಾಗಿ ಬರಲ್ಲ. ಏಳೆಂಟ್ಲಿ ಐವತ್ತಾರು ಅಂತ ಹೇಳಿಕೊಂಡು, ಅದಕ್ಕೆ ಎಂಟು ಸೇರಿಸುತ್ತೇನೆ. ಹಂಗೇ ಸೇರಿಸಿಕೊಂಡು ಸಂಸಾರ ನಡೆದು ಹೋಯ್ತು. ಓದು ನಿಂತದ್ದಕ್ಕೆ ನಾನು ಒಂದು ದಿನ ಅತ್ತವಳಲ್ಲ. ಅದಕ್ಕೇ ಬೇರೆಯವರಿಗೂ ಅಳು ಬರಲ್ಲ ಅಂದುಕೊಂಡಿದ್ದೆ. ಅಲ್ಲೇ ನಾನು ಎಡವಿದ್ದು.

ಇಪ್ಪತ್ತೊಂದು ವರ್ಷದ ಹಿಂದೆ ಭಾಗ್ಯ ಪಿಯುಸಿ ಫಸ್ಟ್ ಕ್ಲಾಸಲ್ಲಿ ಪಾಸಾದಳು. ಡಿಗ್ರಿ ಕಾಲೇಜಿಗೆ ಯೂನಿಫಾರಂ ಇರಲ್ಲ ಅಂತ ಯಾರೋ ಹೇಳಿದರು. ಎರಡು ಚೂಡಿದಾರ ಹೊಲಿಸಿಕೊಂಡಳು, ಒಂದು ಹಸಿರು, ಒಂದು ಬೂದು. ಅದೇ ಹೊತ್ತಿಗೆ ನನಗೆ ಗರ್ಭಕೋಶದ ಆಪರೇಷನ್ ಆಯ್ತು. ಭಾರ ಎತ್ತಬಾರದು, ಬಗ್ಗಬಾರದು ಅಂದರು ಡಾಕ್ಟರು. ಮನೆಯಲ್ಲಿ ಮೂರು ಸೀಮೆ ಹಸು. ನಮ್ಮ ಯಜಮಾನರು ಹತ್ತಿರ ಹೋದರೆ ಒದೆಯುತ್ತಿದ್ದವು. ಊರಿಗೆಲ್ಲ ನ್ಯಾಯ ಹೇಳೋ ಮನುಷ್ಯ, ಹಸು ಮಾತ್ರ ಅವರನ್ನು ನಂಬುತ್ತಿರಲಿಲ್ಲ. ಬುದ್ಧಿವಂತ ಜೀವ.

ನಾನು ಮಂಚದ ಮೇಲೆ ಮಲಗಿಕೊಂಡೇ ಭಾಗ್ಯನಿಗೆ ಹೇಳಿದೆ, "ಮೂರು ತಿಂಗಳು ಸುಮ್ನೆ ಮನೇಲಿರು. ಮುಂದಿನ ವರ್ಸ ಸೇರ್ಕಳಿವಂತೆ."

ಅವಳು ಅಳಲಿಲ್ಲ. ಅತ್ತಿದ್ದರೆ ಕಳಿಸುತ್ತಿದ್ದೆನೋ ಏನೋ. ಚೂಡಿದಾರ ಮಡಿಸಿ ಒಳಗಿಟ್ಟು, ಸೆರಗು ಸಿಕ್ಕಿಸಿ, ಸಗಣಿ ಬಾಚೋಕೆ ಹೋದಳು. ಹಸು ಸಾಕಿದವರಿಗೆ ಗೊತ್ತಿರುತ್ತೆ, ಹಸು ಒಂದು ಕೈಗೆ ಹೊಂದಿಕೊಂಡರೆ ಇನ್ನೊಂದು ಕೈಗೆ ಹಾಲು ಇಳಿಸಲ್ಲ. ನಾನು ಎದ್ದು ಓಡಾಡೋ ಹಾಗಾದ ಮೇಲೂ ಅವು ನನಗೆ ಸರಿಯಾಗಿ ಹಾಲು ಕೊಡಲಿಲ್ಲ, ಭಾಗ್ಯನೇ ಬೇಕು. ಹಂಗಂತ ಎಲ್ಲರಿಗೂ ಹೇಳಿಕೊಂಡು ಬಂದೆ. ನಿಜ ಹೇಳಬೇಕು ಅಂದರೆ ಹಸು ನೆಪ. ಅವಳ ಕೈಗೆ ಹೊಂದಿಕೊಂಡದ್ದು ನಾನು. ಬೆಳಿಗ್ಗೆ ಎದ್ದರೆ ಕಾಫಿ ಬರುತ್ತಿತ್ತು, ಕೊಟ್ಟಿಗೆ ತೊಳೆದಿರುತ್ತಿತ್ತು. ಯಾರಿಗೆ ಬೇಡ? ಮುಂದಿನ ವರ್ಷ ಕಾಲೇಜು ಶುರುವಾಗೋ ಮೊದಲೇ ಗಂಡು ಬಂತು. ಮದುವೆ ಆದ ಮೇಲೂ ಓದಬಹುದು ಅಂದರು ಅವರ ಕಡೆಯವರು. ಎಲ್ಲರೂ ಹಂಗೇ ಅಂತಾರೆ, ಕಾಫಿ ಕುಡಿಯುವಾಗ.

ಈಗ ಶಾಂತಕ್ಕ ಆ ಹಳೇ ಗಾಯಕ್ಕೆ ಕೈ ಹಾಕಿದ್ದಳು, ಅವಳಿಗೆ ಗೊತ್ತಿಲ್ಲದೆ.

ಭಾಗ್ಯ ಮೊದಲು ಗಂಡನ್ನ ಕೇಳಿದಳು. ನಮ್ಮ ಜೊತೆಗೇ ಇರೋ ಅಳಿಯ ಕುಮಾರ ಏರ್‌ಪೋರ್ಟ್ ಟ್ಯಾಕ್ಸಿ ಓಡಿಸುತ್ತಾನೆ, ಮನೆಯಲ್ಲಿದ್ದಾಗ ನಿದ್ದೆ ಮಾಡುತ್ತಾನೆ. ಕಣ್ಣು ಮುಚ್ಚಿಕೊಂಡೇ "ನಿನ್ನಿಷ್ಟ" ಅಂದ. ಈ ನಿನ್ನಿಷ್ಟ ಅನ್ನೋದು ಗಂಡಸರು ಮಾಡಿಟ್ಟುಕೊಂಡಿರೋ ಹಿತ್ತಲ ಬಾಗಿಲು. ಒಳ್ಳೇದಾದರೆ ನಾನೇ ಹೇಳಿದ್ದು, ಕೆಟ್ಟರೆ ನೀನೇ ಮಾಡಿಕೊಂಡಿದ್ದು.

ಮೊಮ್ಮಗಳು ಚೈತ್ರ ಪಿಯುಸಿ ಎರಡನೇ ವರ್ಷ. ಅವಳು ಮೊಬೈಲಲ್ಲೇ ಅರ್ಜಿ ತುಂಬಿದಳು. "ಅಮ್ಮ, ಈ ವರ್ಷ ನೀನು ಸೇರಿದ್ರೆ ಮುಂದಿನ ವರ್ಷ ನಂಗೆ ಸೀನಿಯರ್ ಆಗ್ತೀಯ. ರ‍್ಯಾಗಿಂಗ್ ಮಾಡಂಗಿಲ್ಲ ಅಷ್ಟೇ" ಅಂದಳು.

"ನಿಂಗೆ ನಾಚ್ಕೆ ಆಗಲ್ವಾ?" ಅಂತ ಭಾಗ್ಯ ಕೇಳಿದಳು.

"ಆಗುತ್ತೆ. ಒಂದು ವಾರ ಆಗುತ್ತೆ, ಆಮೇಲೆ ಅಭ್ಯಾಸ ಆಗುತ್ತೆ."

ಇಬ್ಬರೂ ನಕ್ಕರು. ನಾನು ಬೆಳ್ಳುಳ್ಳಿ ಬಿಡಿಸ್ತಾ ಕೂತಿದ್ದೆ. ಭಾಗ್ಯ ನನ್ನ ಕಡೆ ತಿರುಗಿ "ನೀನೇನಂತೀಯಮ್ಮ?" ಅಂದಳು. ನನ್ನ ಬಾಯಿಗೆ ಹಿಂದೆ ಮುಂದೆ ಗೊತ್ತಿಲ್ಲ. "ಈ ವಯಸ್ಸಲ್ಲಿ ಓದಿ ಯಾವ ಡಿಸಿ ಆಗ್ಬೇಕಾಗಿದೆ" ಅಂದುಬಿಟ್ಟೆ. ನಗು ನಿಂತಿತು. ಚೈತ್ರ ನನ್ನನ್ನು ನೋಡಿದ ನೋಟ ಇದೆಯಲ್ಲ, ಅತ್ತೆ ಮನೆಯಲ್ಲೂ ನನ್ನನ್ನು ಯಾರೂ ಹಾಗೆ ನೋಡಿರಲಿಲ್ಲ.

ಮಾರನೇ ದಿನ ನಾನೇ ಹೋಗಿ ಹೇಳಿದೆ, "ಓಗಿ ಸೇರ್ಕ. ನಾನೇನೋ ಅಂದೆ."

ಭಾಗ್ಯ ಪಾತ್ರೆ ಉಜ್ಜುತ್ತಿದ್ದಳು. ತಿರುಗಲಿಲ್ಲ. "ಅವತ್ತು ಬೇಡ ಅಂದೆ, ನಿನ್ನೆ ಬೇಡ ಅಂದೆ, ಇವತ್ತು ಹೋಗು ಅಂತೀಯ. ಬಿಚ್ಚಕ್ಕೆ ಕಟ್ಟಕ್ಕೆ ನಾನೇನು ಕೊಟ್ಟಿಗೇಲಿದೀನಾ?"

ಇಪ್ಪತ್ತೊಂದು ವರ್ಷಕ್ಕೆ ಆ ಒಂದು ಮಾತು ಬಂತು ಅವಳ ಬಾಯಿಂದ. ಬರಬೇಕಾದ ಕಾಲಕ್ಕೆ ಬಂದಿದ್ದರೆ ಚೆನ್ನಾಗಿರುತ್ತಿತ್ತು.

ಆದರೂ ಒಂದೊಂದೇ ಕಾಗದ ಹೊಂದಿಸಿಕೊಂಡಳು. ಮಾರ್ಕ್ಸ್ ಕಾರ್ಡು, ಟಿಸಿ, ಆಧಾರು, ಫೋಟೋ. ಕೊನೆಗೆ ಒಂದು ಉಳಿಯಿತು. ಓದು ಮಧ್ಯದಲ್ಲಿ ಬಿಟ್ಟು ಮತ್ತೆ ಸೇರುವವರು ಅಷ್ಟು ವರ್ಷ ಏನು ಮಾಡುತ್ತಿದ್ದರು ಅಂತ ಛಾಪಾ ಕಾಗದದ ಮೇಲೆ ಪ್ರಮಾಣ ಮಾಡಿ ಕೊಡಬೇಕಂತೆ. ಬಿಟ್ಟದ್ದು ಒಂದೆರಡು ವರ್ಷ ಆಗಿದ್ದರೆ ಸರಿ. ಇಪ್ಪತ್ತೊಂದು ವರ್ಷದ ಲೆಕ್ಕ ಯಾವ ಕಾಗದ ಹಿಡಿಯುತ್ತೆ?

ಯಲಹಂಕದಲ್ಲಿ ತಾಲ್ಲೂಕು ಕಚೇರಿ ಹತ್ತಿರ ಇಂಥವನ್ನೆಲ್ಲ ಟೈಪ್ ಮಾಡಿಕೊಡೋ ಅಂಗಡಿಗಳಿವೆ. ನಾನೂ ಬರುತ್ತೇನೆ ಅಂತ ಹಟ ಹಿಡಿದು ಹೋದೆ. ಟೈಪ್ ಮಾಡುವವರು ಐವತ್ತು ದಾಟಿದ ಯಜಮಾನರು, ಹಣೆಗೆ ಕುಂಕುಮ, ಮೂಗಿನ ತುದಿಗೆ ಕನ್ನಡಕ. ಭಾಗ್ಯನ ಹೆಸರು, ವಯಸ್ಸು, ವಿಳಾಸ ಕೇಳಿಕೊಂಡರು. ಮಿಕ್ಕದ್ದೆಲ್ಲ ಮೊದಲೇ ಕಂಪ್ಯೂಟರಿನಲ್ಲಿ ಇತ್ತು. ಪ್ರಿಂಟ್ ತೆಗೆದು, ದೇವಸ್ಥಾನದಲ್ಲಿ ಸಂಕಲ್ಪ ಹೇಳೋ ಹಾಗೆ ಓದಿದರು.

"ನಾನು ದ್ವಿತೀಯ ಪಿಯುಸಿ ತೇರ್ಗಡೆಯಾದ ನಂತರ ಯಾವುದೇ ಕಾಲೇಜಿಗೆ ದಾಖಲಾಗದೆ, ಯಾವುದೇ ಉದ್ಯೋಗದಲ್ಲಿ ತೊಡಗದೆ, ಮನೆಯಲ್ಲಿ ಸುಮ್ಮನೆ ಇದ್ದೆನೆಂದು ಈ ಮೂಲಕ ಪ್ರಮಾಣೀಕರಿಸುತ್ತೇನೆ."

ಓದಿ ಮುಗಿಸಿ ಪೆನ್ನು ಕೊಟ್ಟರು. ಭಾಗ್ಯ ಪೆನ್ನು ತಗೊಳ್ಳಲಿಲ್ಲ.

"ಇದು ಸುಳ್ಳು" ಅಂದಳು.

"ಯಾವ್ದಮ್ಮ ಸುಳ್ಳು?"

"ನಾನು ಸುಮ್ನೆ ಇರ್ಲಿಲ್ಲ."

"ಎಲ್ರಿಗೂ ಇದೇ ಫಾರ್ಮ್ಯಾಟು ಕಣಮ್ಮ. ಹೋದ್ ವಾರ ಒಬ್ರು ಮಿಲಿಟ್ರಿಯವ್ರು ಬಂದಿದ್ರು, ಅವ್ರೂ ಮನೇಲಿ ಸುಮ್ನೆ ಇದ್ದೆ ಅಂತ್ಲೇ ಸೈನ್ ಹಾಕಿದ್ರು. ಕೆಲ್ಸ ಮಾಡ್ತಿದ್ದೆ ಅಂದ್ರೆ ಅದಕ್ಕೆ ಸರ್ಟಿಫಿಕೇಟ್ ಕೇಳ್ತಾರೆ. ಇದೆಯಾ?"

ಇರಲಿಲ್ಲ. ಕೊಡುವವರೆಲ್ಲ ಲಾರಿ ಹತ್ತಿ ಹೋಗಿದ್ದರು. ನಾನು ಎಂದಿನ ಹಾಗೆ ಮಧ್ಯೆ ಬಾಯಿ ಹಾಕಿದೆ, "ಸೈನ್ ಆಕೇ, ಕಾಗದ ತಾನೇ." ಭಾಗ್ಯ ನನ್ನನ್ನು ನೋಡಿದಳು. ಆಮೇಲೆ ಯಜಮಾನರಿಗೆ ಹೇಳಿದಳು, "ಸರ್, ಸುಮ್ಮನೆ ಅನ್ನೋದನ್ನ ತೆಗೀರಿ. ಮನೆಯಲ್ಲಿ ಇದ್ದೆ ಅಂತ ಹಾಕಿ. ಅಷ್ಟಕ್ಕೆ ಸೈನ್ ಮಾಡ್ತೀನಿ."

ಯಜಮಾನರು ನಿಟ್ಟುಸಿರು ಬಿಟ್ಟು ಕೀಲಿಗಳನ್ನು ಒತ್ತಿದರು. ಒಂದು ಮಾತು ತೆಗೆದದ್ದಕ್ಕೆ ಅವರ ವಾಕ್ಯ ಬೋಳಾಗಿ ಕಂಡಿತೋ ಏನೋ, "ಹಂಗಾದ್ರೆ ಕಾರಣ ಅಂತ ಒಂದು ಹಾಕ್ಬೇಕಾಗುತ್ತೆ. ಯಾಕೆ ಓದು ಬಿಟ್ರಿ ಅಂತ ಬರೀಲಮ್ಮ?" ಅಂದರು.

ಭಾಗ್ಯ ರಸ್ತೆ ಕಡೆ ನೋಡುತ್ತಿದ್ದಳು. ಬಸ್ಸೊಂದು ಹೋಯ್ತು, ಇನ್ನೊಂದು ಹೋಯ್ತು. ಯಜಮಾನರು ಕೈ ಎತ್ತಿಕೊಂಡೇ ಕಾಯುತ್ತಿದ್ದರು.

"ಅವರಮ್ಮ ಬಿಡಿಸಿದ್ಲು ಅಂತ ಬರೀರಿ" ಅಂದೆ.

"ಯಾರು ಅವರಮ್ಮ?"

"ನಾನೇ."

ಅವರು ಕನ್ನಡಕದ ಮೇಲಿಂದ ನನ್ನನ್ನೊಮ್ಮೆ ನೋಡಿದರು, ಅವಳನ್ನೊಮ್ಮೆ ನೋಡಿದರು. "ಹಂಗೆಲ್ಲ ಬರಿಯಕ್ಕಾಗಲ್ಲ ತಾಯಿ. ಕೌಟುಂಬಿಕ ಕಾರಣಗಳಿಂದ ಅಂತ ಹಾಕ್ತೀನಿ."

"ಅಂಗಂದ್ರೆ?"

"ಅಂದ್ರೆ ಮನೆ ಕಡೆ ತೊಂದ್ರೆ ಅಂತ."

ನನ್ನ ಹೆಸರು ರೇಷನ್ ಕಾರ್ಡಲ್ಲಿ ತಪ್ಪಾಗಿದೆ, ವೋಟರ್ ಕಾರ್ಡಲ್ಲಿ ಇನ್ನೊಂದು ಥರ ತಪ್ಪಾಗಿದೆ. ಇದೊಂದು ಕಾಗದದಲ್ಲಿ ಮಾತ್ರ ಸರಿಯಾಗಿ ಬಂತು, ಕೌಟುಂಬಿಕ ಕಾರಣ ಅಂತ. ಎಷ್ಟು ದೊಡ್ಡ ಮಾತು, ಎಷ್ಟು ಚೆನ್ನಾದ ಕನ್ನಡ. ಸಗಣಿ ವಾಸನೆ ಇಲ್ಲ, ಮಂಚ ಇಲ್ಲ, ಮಡಿಸಿಟ್ಟ ಚೂಡಿದಾರ ಇಲ್ಲ. ಭಾಗ್ಯ ಸೈನ್ ಹಾಕಿದಳು. ಅವಳ ಸೈನು ಚೆನ್ನಾಗಿದೆ, ಕೊನೆಗೊಂದು ಗೆರೆ ಎಳೆದು ಎರಡು ಚುಕ್ಕಿ ಇಡುತ್ತಾಳೆ. ಪಿಯುಸಿಯಲ್ಲಿ ರೂಢಿ ಮಾಡಿಕೊಂಡಿದ್ದಂತೆ. ಆಮೇಲೆ ಸಂಬಳದ ರಿಜಿಸ್ಟರು ಬಿಟ್ಟರೆ ಬೇರೆಲ್ಲೂ ಅದಕ್ಕೆ ಕೆಲಸ ಬಿದ್ದಿರಲಿಲ್ಲ.

ಕಾಲೇಜಿಗೆ ಸೇರೋ ಕೊನೇ ದಿನ ಶುಕ್ರವಾರ. ಅವಳು ತಲೆ ಸ್ನಾನ ಮಾಡಿ, ಮದುವೆ ಮುಂಜಿಗೆ ಉಡೋ ಸೀರೆ ಉಟ್ಟು, ಫೈಲು ಹಿಡಿದು ಹತ್ತು ಗಂಟೆಗೆ ಹೊರಟಳು. "ನಾನೂ ಬರ್ಲಾ?" ಅಂದೆ. "ಬೇಡ" ಅಂದಳು. ಮೂರು ಗಂಟೆ ಹೊತ್ತಿಗೆ ವಾಪಸ್ ಬಂದಳು. ಫೈಲು ಹಂಗೇ ದಪ್ಪಗಿತ್ತು.

"ಯಾಕೆ, ಆಫೀಸು ಇರ್ಲಿಲ್ವಾ?"

"ಇತ್ತು."

"ಮತ್ತೆ?"

ಅವಳು ಚಾಪೆ ಮೇಲೆ ಕೂತು ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಕಿಟಕಿ ಹತ್ತಿರ ಹೋದಾಗ ಒಳಗಿದ್ದ ಹೆಂಗಸು ಒಳ್ಳೇವರೇ ಅಂತೆ, ನಗುಮುಖ. ಫೈಲು ನೋಡಿ, "ಮಗಳು ಬಂದಿಲ್ವಾ ಮೇಡಂ? ಸೈನ್ ಹಾಕಕ್ಕೆ ಅವಳೇ ಬರ್ಬೇಕಲ್ಲ" ಅಂದರಂತೆ. ಹಿಂದೆ ಇದ್ದ ಹುಡುಗಿಯರೆಲ್ಲ ಆಂಟಿ, ಆಂಟಿ ಅಂತ ಜಾಗ ಬಿಟ್ಟುಕೊಟ್ಟಿದ್ದರಂತೆ.

"ನೀನೇನಂದೆ?"

"ಬರ್ತಾಳೆ ಅಂದೆ."

ನನಗೆ ಸಿಟ್ಟು ಬಂತು. ಯಾರ ಮೇಲೆ ಅಂತ ಗೊತ್ತಾಗದ ಸಿಟ್ಟು. "ಏಳೆ ಮೇಲೆ. ನಾಕು ಗಂಟೆ ತನಕ ಟೈಮ್ ಐತೆ. ಓದೋಳು ಇವ್ಳೇ ಅಂತ ನಾನೇ ಏಳ್ತೀನಿ ನಡಿ" ಅಂದೆ. ಆಟೋ ಹತ್ತಿಸಿದೆ. ಪುಟ್ಟೇನಹಳ್ಳಿಯ ಗುಡಿ ದಾಟುವಾಗ ಅವಳಿಗೆ ಕೇಳಿಸೋ ಹಾಗೆ ಹರಕೆ ಕಟ್ಟಿಕೊಂಡೆ.

ಕಾಲೇಜು ಇರೋ ಜಾಗ ಮೊದಲು ದ್ರಾಕ್ಷಿ ತೋಟ. ನಾನು ಹುಡುಗಿಯಾಗಿದ್ದಾಗ ಅಲ್ಲಿ ಗೊಂಚಲು ಕೀಳೋ ಕೆಲಸಕ್ಕೆ ಹೋಗಿದ್ದೇನೆ. ಹಣ್ಣು ತಿಂದುಬಿಡ್ತಾರೆ ಅಂತ ಕೆಲಸದವರಿಗೆಲ್ಲ ಹಾಡು ಹೇಳೋಕೆ ಹೇಳುತ್ತಿದ್ದರು. ಹಾಡುವ ಬಾಯಿ ತಿನ್ನಲ್ಲ ನೋಡಿ. ಈಗ ಅಲ್ಲಿ ಹೊಂಗೆ ಮರದ ಕೆಳಗೆ ಸಿಮೆಂಟ್ ಬೆಂಚು, ಎದುರಿಗೆ ಆಫೀಸಿನ ಕಿಟಕಿ. ಹುಡುಗ ಹುಡುಗಿಯರ ಗದ್ದಲ ಕರಗಿತ್ತು, ನಾಲ್ಕೈದು ಜನ ಉಳಿದಿದ್ದರು. ಮೂರೂವರೆ ಆಗಿತ್ತು.

ಭಾಗ್ಯ ಬೆಂಚಿನ ಮೇಲೆ ಕೂತಳು. "ಒಂದ್ನಿಮಿಷ ಕೂತ್ಕೊ" ಅಂದಳು. ಕೂತೆ.

"ಅಮ್ಮ, ಒಂದು ಮಾತು ಹೇಳ್ತೀನಿ. ಬೈಬೇಡ."

"ಬೈಯಾಕಿಲ್ಲ ಏಳು."

"ನಂಗೆ ಓದ್ಬೇಕು ಅಂತ ಅನ್ನಿಸ್ತಾನೇ ಇಲ್ಲ. ಆ ಕಿಟಕಿಯವ್ರು ಅಂದಿದ್ದಕ್ಕಲ್ಲ. ಒಂದು ತಿಂಗ್ಳಿಂದ ಕಾಯ್ತಿದೀನಿ, ಇವತ್ತು ಅನ್ಸುತ್ತೆ, ನಾಳೆ ಅನ್ಸುತ್ತೆ ಅಂತ. ಅವಾಗ ಎಷ್ಟು ಆಸೆ ಇತ್ತು ಗೊತ್ತಾ. ಹಾಲು ಕರೀತಾ ಕರೀತಾ ಪಾಠ ಹೇಳ್ಕೊಳ್ತಿದ್ದೆ, ಮರ್ತೋಗಬಾರ್ದು ಅಂತ. ಈಗ ಹುಡುಕಿದ್ರೂ ಅದು ಸಿಗ್ತಿಲ್ಲ. ಒಂದು ಕೆಲ್ಸ ಬೇಕು ಅನ್ಸುತ್ತೆ, ಅಷ್ಟೇ."

ಹಾಲು ಕರೆಯುವಾಗ ಅವಳು ಏನೋ ಗುನುಗುತ್ತಿದ್ದಳು. ನಾನು ಹಸುವಿಗೆ ಹಾಡು ಹೇಳುತ್ತಾಳೆ ಅಂದುಕೊಂಡಿದ್ದೆ. ಅಕ್ಕಪಕ್ಕದವರಿಗೂ ಹಂಗೇ ಹೇಳಿದ್ದೆ, ನಮ್ಮ ಭಾಗ್ಯ ಹಾಡಿದರೆ ಹಸು ಒಂದು ಪಾವು ಜಾಸ್ತಿ ಕೊಡುತ್ತೆ ಅಂತ.

"ಆಸೆ ಇಲ್ದಿದ್ರೆ ಏನಾಯ್ತು" ಅಂದೆ. "ಮೂರು ವರ್ಸ ಆಸೆ ಇಲ್ದೇನೂ ಓದ್ಬೋದು. ನಾನು ಐವತ್ ವರ್ಸ ಆಸೆ ಇಲ್ದೇ ಸಂಸಾರ ಮಾಡಿಲ್ವಾ?"

ಭಾಗ್ಯ ನಕ್ಕಳು. ತುಂಬಾ ದಿನ ಆಗಿತ್ತು ಅವಳು ಹಾಗೆ ನಕ್ಕು. "ಅದನ್ನ ನೋಡೇ ಹೇಳ್ತಿರೋದು ನಾನು" ಅಂದಳು.

ತಪ್ಪಾಯ್ತು ಅಂತ ತಾಯಿ ಮಗಳಿಗೆ ಹೇಳೋ ಪದ್ಧತಿ ನಮ್ಮಲ್ಲಿ ಇಲ್ಲ. ಕಾಲು ತಾಕಿದರೆ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತೇವೆ, ಅದೂ ಚಿಕ್ಕವರು ದೊಡ್ಡವರಿಗೆ. ದೊಡ್ಡವರು ತುಳಿದರೆ ಏನು ಮಾಡಬೇಕು ಅಂತ ಯಾರೂ ಹೇಳಿಕೊಟ್ಟಿಲ್ಲ. ಬ್ಯಾಗಿನಿಂದ ನೀರಿನ ಬಾಟಲಿ ತೆಗೆದು ಅವಳಿಗೆ ಕೊಟ್ಟೆ. ಎರಡು ಗುಟುಕು ಕುಡಿದು ನನಗೆ ವಾಪಸ್ ಕೊಟ್ಟಳು.

ಉಳಿದಿದ್ದ ನಾಲ್ಕೈದು ಜನವೂ ಹೋದರು. ಕಿಟಕಿಯೊಳಗಿನ ಹೆಂಗಸು ತಲೆ ಹೊರಗೆ ಹಾಕಿ, "ಇನ್ನ ಯಾರಾದ್ರೂ ಇದೀರಾ?" ಅಂದರು. ನಮ್ಮ ಕಡೆ ನೋಡಿದರು. ಭಾಗ್ಯನ ಗುರುತು ಸಿಕ್ಕಿರಬೇಕು, ಮಗಳು ಎಲ್ಲಿ ಅನ್ನೋ ಹಾಗೆ ಹುಬ್ಬು ಏರಿಸಿದರು. ಫೈಲು ಭಾಗ್ಯನ ತೊಡೆಯ ಮೇಲಿತ್ತು. ನಾನು ಅವಳ ಮೊಣಕೈ ಮುಟ್ಟಿದೆ. ಅವಳು ಏಳಲಿಲ್ಲ. ನಾನೇ ಎದ್ದು ಹೋಗಿ ಹೇಳಬಹುದಿತ್ತು, ಹೇಳುತ್ತೇನೆ ಅಂತಲೇ ಬಂದಿದ್ದೆ. ಬಾಟಲಿಯ ಮುಚ್ಚಳ ಬಿಗಿ ಮಾಡುತ್ತಾ ಕೂತೆ.

ಮರದ ಕಿಟಕಿ ಅದು, ಮಳೆಗಾಲಕ್ಕೆ ಉಬ್ಬಿತ್ತು. ಒಳಗಿಂದ ಆಯಮ್ಮ ಒಂದು ಸಲ ಎಳೆದರು, ಮುಚ್ಚಲಿಲ್ಲ. ಇನ್ನೊಂದು ಸಲ ಎಳೆದರು. ಮೂರನೇ ಸಲಕ್ಕೂ ಒಂದು ಗೇಣು ಸಂದಿ ಉಳಿಯಿತು. ನಾವಿಬ್ಬರೂ ನೋಡುತ್ತಾ ಕೂತಿದ್ದೆವು. ನಾಲ್ಕನೇ ಸಲಕ್ಕೆ ಮುಚ್ಚಿತು.